ಸಹಾಯ ಬೇಕು: ಅಮ್ಮನಿಗೆ ತೇಯ್ದೆ ಜ್ವಾಲಾಮುಖಿ ತೋರಿಸುವುದು ಹೇಗೆ?

ಸ್ಪೇನಿನ ಟೆನೆರೀಫ್ ದ್ವೀಪಕ್ಕೆ ಹೋಗಿಬಂದವರು ಇದ್ದೀರಾ? ಅಮ್ಮನ ಜೊತೆ ಪುಯೆರ್ತೊ ದೆ ಲಾ ಕ್ರೂಸ್‌ನಲ್ಲಿ ಉಳಿದಿದ್ದೇವೆ. ತೇಯ್ದೆ ಜ್ವಾಲಾಮುಖಿ ನೋಡಲೇಬೇಕು ಅಂತ ಅಮ್ಮನ ಹಟ.

ಇಲ್ಲಿಂದ 348ನೇ ನಂಬರ್ ಬಸ್ಸು ಬೆಳಗ್ಗೆ ಒಂದೇ ಸಲ. ವಾಪಸ್ ಬರುವುದೂ ಸಂಜೆ ನಾಲ್ಕರ ಹೊತ್ತಿಗೆ ಒಂದೇ. ಬಾಡಿಗೆ ಕಾರು ಅಂದರೆ ಆ ಬೆಟ್ಟದ ತಿರುವುಗಳಿಗೆ ನನಗೆ ಧೈರ್ಯ ಸಾಲದು. ಹೋಟೆಲಿನಲ್ಲಿ ಕೇಳಿದರೆ ಸುಮ್ನೆ ಒಂದು ಟೂರ್ ಬ್ರೋಶರ್ ಕೈಗಿಟ್ಟರು. ಅದರಲ್ಲಿ ಅರ್ಧ ದಿನ ಬರೀ ಬಾಳೆತೋಟ! ಅದು ನಮ್ಮೂರಲ್ಲೇ ಇದೆ ಅಲ್ವಾ?

ರೋಪ್‌ವೇಯ ಮೇಲಿನ ನಿಲ್ದಾಣ 3,555 ಮೀಟರ್ ಎತ್ತರದಲ್ಲಿದೆ. ಗಾಳಿ ಜಾಸ್ತಿಯಾದರೆ ನಿಲ್ಲಿಸಿಬಿಡುತ್ತಾರೆ. ಅಮ್ಮನಿಗೆ ಬಿಪಿ, ಮಂಡಿನೋವು ಬೇರೆ. ಹಾಗಾಗಿ ಅದನ್ನು ಕೈಬಿಟ್ಟೆ.

ಈಗ ಗೊಂದಲ ಇಷ್ಟೇ. ಕೆಳಗೆ ರೋಕೆಸ್ ದೆ ಗಾರ್ಸಿಯಾ ಬಂಡೆಗಳ ಹತ್ತಿರ ಇಳಿದರೆ, ವಾಪಸ್ ಬಸ್ಸಿನವರೆಗೆ ವಯಸ್ಸಾದವರು ಆರಾಮಾಗಿ ಕೂರಬಹುದಾ? ನೆರಳು, ಊಟ, ಶೌಚಾಲಯ ಹೇಗೆ? ಇಲ್ಲವಾದರೆ 1706ರ ಲಾವಾ ಬಂದರನ್ನೇ ಹೂತುಹಾಕಿದ ಗರಾಚಿಕೊ ಊರಿಗೆ ಹೋಗುವುದು ವಾಸಿಯಾ? ಎರಡರಲ್ಲಿ ಯಾವುದು, ದಯವಿಟ್ಟು ಹೇಳಿ.