ಅಪ್‌ಡೇಟ್: ಲ್ಯಾಪ್‌ಟಾಪ್‌ನ ನೀಲಿ ಪರದೆ ಕಾಟ ತಪ್ಪಿತು

ವಿಡಿಯೊ ಕಾಲ್ ಮಧ್ಯೆ ನೀಲಿ ಪರದೆ ಬಂದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯಿತು! ಕಾರಣ ಹಳೇ ವೈಫೈ ಡ್ರೈವರ್ (ವಿಂಡೋಸ್ ವೈಫೈ ಬಳಸಲು ಬೇಕಾದ ಸಾಫ್ಟ್‌ವೇರ್).

ಮೆಮೊರಿ ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ. ಫ್ಯಾನ್ ಧೂಳು ತೆಗೆಸಿದ್ದಕ್ಕೆ ಸದ್ದು ಕಡಿಮೆಯಾಯಿತು, ಅಷ್ಟೇ. ದಾರಿ ತೋರಿಸಿದ್ದು ಮಿನಿಡಂಪ್ (ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡುವ ಚಿಕ್ಕ ಫೈಲ್) ನೋಡಿ ಎಂದವರ ಸಲಹೆ. ವಿಂಡೋಸ್ ಫೋಲ್ಡರ್ ಒಳಗೇ ಇರುತ್ತೆ. ಆ ಫೈಲ್‌ಗಳನ್ನು ಬ್ಲೂಸ್ಕ್ರೀನ್‌ವ್ಯೂ ಅನ್ನೋ ಟೂಲ್‌ನಲ್ಲಿ ತೆರೆದರೆ ಪ್ರತಿ ಕ್ರ್ಯಾಶ್ ಎದುರಿಗೂ ಅದೇ ವೈಫೈ ಡ್ರೈವರ್ ಫೈಲಿನ ಹೆಸರು! ತುಂಬಾ ಥ್ಯಾಂಕ್ಸ್.

ಆಶ್ಚರ್ಯ ಏನು ಗೊತ್ತಾ? ಡ್ರೈವರ್‌ಗಳನ್ನು ನೋಡಿಕೊಳ್ಳುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಮಾತ್ರ 'ಇರುವುದೇ ಒಳ್ಳೆಯ ಡ್ರೈವರ್' ಅನ್ನುತ್ತಲೇ ಇತ್ತು. ಅದನ್ನು ನಂಬಿ ಕೂರಬೇಡಿ. ಲ್ಯಾಪ್‌ಟಾಪ್ ತಯಾರಕರ ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿದಾಗ ಹೊಸದು ಸಿಕ್ಕಿತು. ಹಳೇದನ್ನು ತೆಗೆಯೋ ಮುಂಚೆ ಹೊಸದನ್ನು ಇಳಿಸಿಟ್ಟುಕೊಳ್ಳಿ, ತೆಗೆದ ಮೇಲೆ ವೈಫೈ ಇಲ್ಲದಿರಬಹುದು.