ಪದ ಬೇಕು: ‘ರಿಲಿಜಿಯಸ್ ಅಫಿಲಿಯೇಷನ್’ – ‘ಮತಾಂತರ’ ಎಂದರೆ ಸರಿಯೇ?

ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯ ಕೋಷ್ಟಕ, ನಾಳೆ ಅಚ್ಚಿಗೆ ಹೋಗಬೇಕು. ತಲೆಬರಹ ‘ಚೇಂಜ್ ಇನ್ ರಿಲಿಜಿಯಸ್ ಅಫಿಲಿಯೇಷನ್, 2011–2021’. ಕ್ರೈಸ್ತರು ಶೇ. 59.3ರಿಂದ 46.2ಕ್ಕೆ, ‘ನೋ ರಿಲಿಜನ್’ ಶೇ. 25.2ರಿಂದ 37.2ಕ್ಕೆ. ಸದ್ಯಕ್ಕೆ ‘ಮತಾಂತರ’, ‘ನಾಸ್ತಿಕರು’ ಎಂದು ಹಾಕಿದ್ದೇನೆ. ಕ್ರೈಸ್ತರದು ‘ಶೇ. 13.1 ಇಳಿಕೆ’ ಎಂದೂ ಬರೆದಿದ್ದೇನೆ.

*

ಎರಡು ಪದವೂ ತಪ್ಪು. ಮತಾಂತರವನ್ನು ಗಣತಿ ಕೇಳುವುದೇ ಇಲ್ಲ. ಆ ದಿನ ನಿಮ್ಮ ಧರ್ಮ ಯಾವುದೆಂದು ಕೇಳಿ ಎಣಿಸುತ್ತದೆ, ಅಷ್ಟೇ. ನಡುವಿನ ಹತ್ತು ವರ್ಷದಲ್ಲಿ ಹುಟ್ಟಿದವರು, ಸತ್ತವರು, ವಲಸೆ ಬಂದವರು, ಹೋದವರು ಎಲ್ಲರೂ ಆ ವ್ಯತ್ಯಾಸದಲ್ಲಿ ಸೇರಿರುತ್ತಾರೆ. ನಮ್ಮಲ್ಲಿ 1951ರಲ್ಲಿ ಸುಮಾರು 1.8 ಲಕ್ಷವಿದ್ದ ಬೌದ್ಧರು 1961ರಲ್ಲಿ 32 ಲಕ್ಷ ದಾಟಿದರು. ನಡುವೆ 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಮತ್ತು ಅವರ ಅನುಯಾಯಿಗಳು ಪಡೆದ ಬೌದ್ಧ ದೀಕ್ಷೆ ಇತ್ತು. ಅಲ್ಲಿ ಮತಾಂತರ ಎನ್ನಿ, ಇಲ್ಲಿ ಬೇಡ.

‘ನಾಸ್ತಿಕ’ ಇನ್ನೂ ಕೆಟ್ಟದ್ದು. ದೇವರನ್ನು ನಂಬುವವರೂ ‘ಧರ್ಮವಿಲ್ಲ’ ಚೌಕಕ್ಕೆ ಗುರುತು ಹಾಕುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ವೇದ ಒಪ್ಪದ ಬೌದ್ಧರೂ ನಾಸ್ತಿಕರೇ, ಅವರಿಗೆ ಅದೇ ಕೋಷ್ಟಕದಲ್ಲಿ ಬೇರೆ ಸಾಲಿದೆಯಲ್ಲ! ‘ಉತ್ತರಿಸದವರು’ ಮತ್ತೊಂದು ಸಾಲು, 2021ರಲ್ಲಿ ಶೇ. 6. ಆ ಗಣತಿಯಲ್ಲಿ ಧರ್ಮದ ಪ್ರಶ್ನೆ ಐಚ್ಛಿಕ. ಎರಡನ್ನೂ ಒಟ್ಟು ಮಾಡಬೇಡಿ.

*

> ನಿಮ್ಮ ಧರ್ಮ ಯಾವುದೆಂದು

ಧರ್ಮವೆಂದರೆ ರಿಲಿಜನ್ ಅಲ್ಲ, ಎಷ್ಟು ಸಲ ಹೇಳುವುದು? ಸರಿಯಾದ ಪದ ‘ಮತ’. ‘ಮತ ಬದಲಾವಣೆ’ ಎಂದು ಹಾಕಿ.

*

ಹಾಕಿ. ‘ಮತ ಬದಲಾವಣೆ, ಶೇಕಡಾವಾರು’ ಎಂದು ಓದಿದವರು ಯಾವ ಪಕ್ಷ ಗೆದ್ದಿತು ಎಂದು ಕೇಳುತ್ತಾರೆ.

*

ಮತವೂ ಸಂಸ್ಕೃತ, ಧರ್ಮವೂ ಸಂಸ್ಕೃತ. ‘ನಂಬುಗೆ’ ಇದೆ. ಜನಗಣತಿಗೂ ‘ಮಂದಿಯೆಣಿಕೆ’ ಸಾಕು. ಎರವಲು ಸುಮಾರು ಆಯಿತು.

*

‘ಸುಮಾರು’ ಫಾರ್ಸಿ ಸ್ವಾಮಿ. ಶುಮಾರ್ ಎಂದರೆ ಎಣಿಕೆ. ಹಳಬರು ಜನಗಣತಿಗೆ ಹೇಳುತ್ತಿದ್ದ ‘ಖಾನೇಷುಮಾರಿ’ಯಲ್ಲಿ ಇರುವುದೂ ಅದೇ. ನಂಬುಗೆ ಬಿಲೀಫ್ ಆಯಿತು. ಅರ್ಜಿಯಲ್ಲಿ ಕೇಳುವುದು ಏನನ್ನು ನಂಬುತ್ತೀರಿ ಎಂದಲ್ಲ, ಯಾವುದಕ್ಕೆ ಸೇರಿದವರು ಎಂದು.

*

ಜಗಳ ಆಮೇಲೆ ಆಡಿ, ಅಚ್ಚು ನಾಳೆ. ತಲೆಬರಹ: ‘ಧರ್ಮವಾರು ಜನಸಂಖ್ಯೆಯ ಪಾಲು, 2011 ಮತ್ತು 2021’. ಸಾಲುಗಳು: ‘ಧರ್ಮವಿಲ್ಲ ಎಂದವರು’, ‘ಉತ್ತರಿಸದವರು’. ‘ಶೇ. 13.1 ಇಳಿಕೆ’ ತೆಗೆಯಿರಿ. ಅದು 13.1 ಶೇಕಡಾ ಅಂಶ, ಅಂದರೆ 59.3ರಲ್ಲಿ 46.2 ಕಳೆದು ಉಳಿದದ್ದು. ಶೇಕಡಾ ಲೆಕ್ಕದಲ್ಲಿ ಕ್ರೈಸ್ತರ ಪಾಲು ಇಳಿದದ್ದು ಸುಮಾರು ಶೇ. 22. ‘ಸುಮಾರು’ ಹಾಗೇ ಇರಲಿ.