ಬ್ರೇಕಾನ್ ಕಣಜದ ನಂಜು: ಚುಚ್ಚಿದರೆ ಹುಳು ಬೀಳುತ್ತದೆ, ತಿನ್ನಿಸಿದರೆ ಏನೂ ಆಗುತ್ತಿಲ್ಲ

ಪ್ರಶ್ನೆ: ಹರಳೆಲೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಬಂಧಕ್ಕಾಗಿ ಬ್ರೇಕಾನ್ ಹೆಬೆಟರ್ ಪರೋಪಜೀವಿ ಕಣಜದ ನಂಜಿನಲ್ಲಿ ಕೀಟನಾಶಕವಾಗಬಲ್ಲ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಪ್ರೋಟೀನಿಗಿಂತ ಸಣ್ಣದು) ಇದೆಯೇ ಎಂದು ನೋಡುತ್ತಿದ್ದೇನೆ. ಪರೀಕ್ಷೆಗೆ ಸ್ಪೊಡಾಪ್ಟೆರಾ ಲಿಟುರಾ ಪತಂಗದ ಎಲೆ ತಿನ್ನುವ ಹುಳು, ಆಹಾರ ಹರಳೆಲೆ.

60 ಹೆಣ್ಣು ಕಣಜಗಳ ನಂಜುಚೀಲ ತೆಗೆದು 60 ಮೈಕ್ರೋಲೀಟರ್ ಉಪ್ಪುನೀರಿನ ಬಫರ್ ಆದ ಪಿಬಿಎಸ್‌ನಲ್ಲಿ ಅರೆದೆ. ಸೋಸದ ರಸವನ್ನು 1 ಮೈಕ್ರೋಲೀಟರ್ ಚುಚ್ಚಿದರೆ ನಾಲ್ಕನೇ ಹಂತದ ಹುಳು ಮೆತ್ತಗಾಗಿ ಬೀಳುತ್ತದೆ. ಪೆಪ್ಟೈಡ್ ಬೇಕಿದ್ದರಿಂದ 10 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಫಿಲ್ಟರಿನಲ್ಲಿ ಸೋಸಿ ಕೆಳಗಿಳಿದ ದ್ರವವನ್ನು ಚುಚ್ಚಿದೆ, ಏನೂ ಆಗಲಿಲ್ಲ. ಸೋಸದ ರಸವನ್ನೇ ಎಲೆಬಿಲ್ಲೆಗೆ ಸವರಿ ತಿನ್ನಿಸಿದರೂ ಹುಳುಗಳು ಆರಾಮಾಗಿ ಮೇಯ್ದು ಲದ್ದಿ ಹಾಕುತ್ತಿವೆ. ಬರೀ ಪಿಬಿಎಸ್ ಚುಚ್ಚಿದ ಹುಳುಗಳಲ್ಲಿ 20% ಸತ್ತಿವೆ, ಅದೂ ಒಂದು ಚಿಂತೆ.

ಎಲ್ಲಿ ತಪ್ಪಿದೆ? ಇದನ್ನು ಸಿಂಪಡಿಸುವ ಔಷಧಿ ಮಾಡಲು ಸಾಧ್ಯವೇ? ಸದ್ಯಕ್ಕೆ ರೈತರಿಗೆ ಹೇಳಬಹುದಾದದ್ದು ಏನಾದರೂ ಇದೆಯೇ?

ಉತ್ತರ 1: ನಂಜುಚೀಲ

ಮೊದಲ ತಪ್ಪು ಫಿಲ್ಟರಿನಲ್ಲೇ ಆಗಿದೆ. ಬ್ರೇಕಾನ್ ಹೆಬೆಟರ್ ಹುಳುವನ್ನು ಕೆಡಹುವುದು ಸಣ್ಣ ಪೆಪ್ಟೈಡಿನಿಂದಲ್ಲ, ದೊಡ್ಡ ಪ್ರೋಟೀನಿನಿಂದ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಪೀಕ್ ಅವರ ತಂಡ ಬೇರ್ಪಡಿಸಿದ ಎರಡು ನಂಜುಗಳೂ 40 ಕಿಲೋಡಾಲ್ಟನ್ ದಾಟಿದವು. 1994ರಲ್ಲಿ ಅಮೆರಿಕದವರು ಶುದ್ಧಮಾಡಿದವು 70ರ ಆಸುಪಾಸಿನವು. ನೀವು ಕೆಳಗಿಳಿದದ್ದನ್ನು ಇಟ್ಟುಕೊಂಡು ಮೇಲೆ ಉಳಿದದ್ದನ್ನು ಚೆಲ್ಲಿದ್ದೀರಿ, ನಂಜು ಇದ್ದದ್ದು ಅಲ್ಲಿ. ಮುಂದಿನ ಸಲ 30 ಕಿಲೋಡಾಲ್ಟನ್ ಫಿಲ್ಟರ್ ಹಾಕಿ, ಮೇಲಿನದು ಕೆಳಗಿನದು ಎರಡನ್ನೂ ಒಂದೇ ಗಾತ್ರಕ್ಕೆ ತಂದು ಪಕ್ಕಪಕ್ಕದಲ್ಲೇ ಪರೀಕ್ಷಿಸಿ.

ಈ ನಂಜು ನರ ಮತ್ತು ಸ್ನಾಯು ಸೇರುವ ಕಡೆ ನರದ ತುದಿಯಿಂದ ಗ್ಲುಟಮೇಟ್ ಹೊರಬೀಳದಂತೆ ತಡೆಯುತ್ತದೆ. ಸ್ನಾಯುವಿಗೆ ಕರೆ ಮುಟ್ಟುವುದೇ ಇಲ್ಲ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಬಿದ್ದ ಹುಳುವನ್ನು ಸೂಕ್ಷ್ಮದರ್ಶಕದ ಕೆಳಗೆ ಬೆನ್ನು ಮೇಲಾಗಿ ಇಟ್ಟು ನೋಡಿ: ಚರ್ಮದಡಿಯಲ್ಲಿ ಬೆನ್ನುನಾಳ (ಅದೇ ಹುಳುವಿನ ಹೃದಯ) ಹಿಂದಿನಿಂದ ಮುಂದಕ್ಕೆ ಮಿಡಿಯುತ್ತಾ ಹೋಗುವುದು ಕಾಣುತ್ತದೆ. ಬ್ರಷ್ಷಿನ ಒಂದೇ ಕೂದಲಿನಿಂದ ತಲೆ ಮುಟ್ಟಿದರೂ ಅಲುಗುವುದಿಲ್ಲ, ಆದರೂ ಮೈಬಣ್ಣ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಸತ್ತ ಹುಳು ಹೀಗಿರುವುದಿಲ್ಲ, ಕಪ್ಪಗಾಗಿ ನೀರಾಗುತ್ತದೆ. ನಿಮ್ಮ ದಾಖಲೆ ಪುಸ್ತಕದಲ್ಲಿ "ಸತ್ತದ್ದು", "ಲಕ್ವ ಹೊಡೆದದ್ದು" ಎಂದು ಎರಡು ಕಾಲಂ ಇರಲೇಬೇಕು. ಎರಡನ್ನೂ ಸಾವು ಎಂದು ಬರೆದರೆ ಲೆಕ್ಕವೆಲ್ಲ ಕೆಡುತ್ತದೆ.

ಪ್ರಮಾಣವನ್ನೂ ಇಳಿಸಿ. ಹುಳುವಿನ ರಕ್ತದ 20 ಕೋಟಿ ಪಾಲಿಗೆ ಒಂದು ಪಾಲು ನಂಜು ಸಾಕು ಎಂದು 1952ರಲ್ಲೇ ಬಿಯರ್ಡ್ ಲೆಕ್ಕ ಹಾಕಿದ್ದರು, ಅವರು ನೋಡಿದ್ದು ಮೇಣದ ಹುಳುವಿನಲ್ಲಿ. ಎಲ್ಲ ಜಾತಿಯ ಹುಳು ಅಷ್ಟೇ ಸೂಕ್ಷ್ಮವಲ್ಲ, ಹಾಗಾಗಿ ಪಕ್ಕದಲ್ಲಿ ಮೇಣದ ಹುಳುವನ್ನೋ ಅಕ್ಕಿ ಪತಂಗದ ಹುಳುವನ್ನೋ ಇಟ್ಟುಕೊಳ್ಳಿ. ಒಂದು ಚೀಲದ ರಸವನ್ನು ಪೂರ್ತಿ ಚುಚ್ಚಿದರೆ ಎಲ್ಲವೂ ಬೀಳುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಚೀಲದ ಹತ್ತನೇ, ನೂರನೇ, ಸಾವಿರನೇ ಪಾಲಿನಿಂದ ಶುರುಮಾಡಿ, ನಡುವೆ ಐದು ಪ್ರಮಾಣ ಸಿಕ್ಕಮೇಲೆ ಅರ್ಧದಷ್ಟು ಹುಳುಗಳನ್ನು ಕೆಡಹುವ ಪ್ರಮಾಣದ ಲೆಕ್ಕವಾದ ಪ್ರೊಬಿಟ್‌ಗೆ ಹೋಗಿ.

ರಸ ತೆಗೆಯುವಾಗ: 2-3 ದಿನದ, ಜೇನು ತಿಂದ ಹೆಣ್ಣುಗಳನ್ನು ಮಂಜುಗಡ್ಡೆಯ ಮೇಲೆ ಮರವಿಗೆ ತನ್ನಿ. ತಣ್ಣನೆಯ ಪಿಬಿಎಸ್ ಹನಿಯಲ್ಲಿ ಇಟ್ಟು ಕೊಂಡಿಯ ಬುಡವನ್ನು ಸಣ್ಣ ಚಿಮುಟದಿಂದ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದರೆ ಗ್ರಂಥಿಯ ಎಳೆಗಳ ಸಮೇತ ಚೀಲ ಬರುತ್ತದೆ. ಕರುಳಿನ ತುಂಡು ಅಂಟಿಕೊಂಡಿದ್ದರೆ ಆ ಚೀಲವನ್ನು ಬಳಸಬೇಡಿ, ಕರುಳಿನ ಕಿಣ್ವ ನಿಮ್ಮ ನಂಜನ್ನೇ ತಿನ್ನುತ್ತದೆ. 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 10 ನಿಮಿಷ ತಿರುಗಿಸಿ. ದುರ್ಬಲಗೊಳಿಸುವ ಪಿಬಿಎಸ್‌ಗೆ 0.1% ಬಿಎಸ್ಎ (ಹಸುವಿನ ರಕ್ತದ ಪ್ರೋಟೀನು) ಸೇರಿಸದಿದ್ದರೆ ಇಷ್ಟು ಕಡಿಮೆ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿ ಹೋಗುತ್ತದೆ. ಆದರೆ ಪ್ರೋಟೀನ್ ಅಳತೆಯನ್ನು ಬಿಎಸ್ಎ ಹಾಕುವ ಮೊದಲೇ ಮುಗಿಸಿ. 5 ಮೈಕ್ರೋಲೀಟರಿನಂತೆ ಪಾಲು ಮಾಡಿ ಮೈನಸ್ 80ರಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಈ ನಂಜು ತುಂಬಾ ನಾಜೂಕು.

ಕಣಜವನ್ನು ಹೊರಗಿಂದ ಹಿಡಿದದ್ದಾದರೆ ಜಾತಿ ಖಚಿತಪಡಿಸಿಕೊಳ್ಳಿ. ಬ್ರೇಕಾನ್ ಬ್ರೆವಿಕಾರ್ನಿಸ್ ಕಣ್ಣಿಗೆ ಹಾಗೇ ಕಾಣುತ್ತದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಿಂದ ತಳಿ ತಂದರೆ ಈ ತಕರಾರು ಇರುವುದಿಲ್ಲ.

ಉತ್ತರ 2: ಸೂಜಿಮೊನೆ

20% ಸಾವಿನ ಬಗ್ಗೆ. ನಿಯಂತ್ರಣದ ಗುಂಪಿನಲ್ಲಿ (ನಂಜು ಹಾಕದ ಹುಳುಗಳಲ್ಲಿ) ಸಾವು 10% ದಾಟಿದರೆ ಆ ದಿನದ ಪ್ರಯೋಗವನ್ನೇ ಬಿಟ್ಟುಬಿಡಿ. ಆಬಟ್ ಸೂತ್ರ (ನಿಯಂತ್ರಣದ ಸಾವನ್ನು ಕಳೆಯುವ ಲೆಕ್ಕ) ಹಾಕಿ ಸರಿಮಾಡಬಹುದು ಅನ್ನುತ್ತಾರೆ, ಆದರೆ ಸೂಜಿಯಿಂದ ಸತ್ತದ್ದನ್ನು ಸೂತ್ರದಿಂದ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಹೆಚ್ಚಾಗಿ ಕರುಳು ತೂತಾಗಿರುತ್ತದೆ. ಸೂಜಿಯನ್ನು ಹೊಟ್ಟೆಯ ಕಾಲಿನ ಬುಡದಲ್ಲಿ, ಚರ್ಮಕ್ಕೆ ಸಮಾನಾಂತರವಾಗಿ, ಮೊನೆ ಒಳಗೆ ಹೋದಷ್ಟೇ ತೂರಿಸಿ. ನೇರ ಒಳಕ್ಕೆ ಹೋದರೆ ಕರುಳಿನ ರಸ ರಕ್ತಕ್ಕೆ ಸೋರಿ ಮರುದಿನ ಹುಳು ಕಪ್ಪಾಗುತ್ತದೆ. ಚುಚ್ಚಿದ ಜಾಗದಲ್ಲಿ ಹಸಿರು ಹನಿ ಬಂದರೆ ಅದು ಕರುಳಿನದ್ದು, ಆ ಹುಳುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. 33 ಗೇಜ್ ಸೂಜಿ, 10 ಮೈಕ್ರೋಲೀಟರ್ ಸಿರಿಂಜ್ ಸಾಕು. ಹುಳುವನ್ನು ಐದು ನಿಮಿಷ ಮಂಜಿನ ಮೇಲಿಟ್ಟು, 100 ಮಿಲಿಗ್ರಾಂ ತೂಕಕ್ಕೆ 1 ಮೈಕ್ರೋಲೀಟರ್ ಬಿಟ್ಟು, ಹತ್ತು ಸೆಕೆಂಡ್ ಹಾಗೇ ಹಿಡಿದು ಆಮೇಲೆ ಸೂಜಿ ತೆಗೆಯಿರಿ. ತಕ್ಷಣ ಎಳೆದರೆ ಹಾಕಿದ್ದು ವಾಪಸ್ ಬರುತ್ತದೆ. ಪೊರೆ ಬಿಡಲು ಸಿದ್ಧವಾದ, ತಲೆಯ ಹಿಂದೆ ಉಬ್ಬಿದ ಹುಳುಗಳನ್ನು ಆರಿಸಲೇಬೇಡಿ.

ನಿಯಂತ್ರಣಕ್ಕೆ ಬರೀ ಪಿಬಿಎಸ್ ಸಾಲದು. ಅಷ್ಟೇ ಪ್ರಮಾಣದ ಬಿಎಸ್ಎ ಒಂದು ಗುಂಪು, 95 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದ ನಂಜು ಒಂದು ಗುಂಪು, ಏನೂ ಚುಚ್ಚದ್ದು ಒಂದು. ಗುಂಪಿಗೆ 30 ಹುಳು, ಮೂರು ಸಲ, ಪ್ರತಿ ಸಲ ಬೇರೆ ದಿನ ತೆಗೆದ ರಸದಲ್ಲಿ. ಹತ್ತು ನಿಮಿಷ, 1, 6, 24, 48 ಗಂಟೆಗೆ ನೋಡಿ ಬರೆಯಿರಿ. ಹುಳುವನ್ನು ಬೆನ್ನ ಮೇಲೆ ಮಲಗಿಸಿ 30 ಸೆಕೆಂಡಿನಲ್ಲಿ ಮಗುಚಿಕೊಳ್ಳುತ್ತದೆಯೇ ಎಂಬುದು ಒಳ್ಳೆಯ ಅಳತೆ.

ಮುಂದೆ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಮಾಡಿಸುವುದಾದರೆ, ನಂಜಿನ ಜೀನ್ ಇಲ್ಲದ ಖಾಲಿ ಪ್ಲಾಸ್ಮಿಡ್ (ಜೀನ್ ಹೊರುವ ಡಿಎನ್ಎ ಉಂಗುರ) ಇರುವ ಬ್ಯಾಕ್ಟೀರಿಯಾವನ್ನೂ ಅದೇ ಕಾಲಂನಲ್ಲಿ ಅದೇ ರೀತಿ ಶುದ್ಧಮಾಡಿ ಚುಚ್ಚಿ. ಬ್ಯಾಕ್ಟೀರಿಯಾದ ಕೊಳೆಯಿಂದ ಸತ್ತ ಹುಳುವನ್ನು ನಂಜಿನ ಖಾತೆಗೆ ಬರೆದುಕೊಳ್ಳುವ ಅಪಾಯ ತಪ್ಪುತ್ತದೆ.

ಹರಳೆಲೆ

ತುಂಬಾ ಉಪಕಾರವಾಯಿತು ಸರ್, ಇಬ್ಬರಿಗೂ. ಫಿಲ್ಟರಿನ ವಿಷಯ ಹೊಳೆದೇ ಇರಲಿಲ್ಲ. ತಿನ್ನಿಸಿದಾಗ ಕೆಲಸ ಮಾಡದಿರುವುದಕ್ಕೆ ಕಾರಣ ಜೀರ್ಣವಾಗುವುದೋ, ಕರುಳು ದಾಟದಿರುವುದೋ? ಎರಡನ್ನೂ ಬೇರೆಬೇರೆ ತೋರಿಸುವುದು ಹೇಗೆ? ಸಣ್ಣ ಪೆಪ್ಟೈಡೇ ಬೇಕೆಂದರೆ ಯಾವ ಕಣಜ ನೋಡಬೇಕು?

ಉತ್ತರ 3: ಜಠರರಸ

ಇಡೀ ವಿಷಯದ ಗಂಟು ಇಲ್ಲೇ ಇದೆ. ಕಣಜ ತನ್ನ ನಂಜನ್ನು ಸೂಜಿಯಿಂದ ನೇರ ರಕ್ತಕ್ಕೆ ಬಿಡುತ್ತದೆ. ನಾವು ಎಲೆಯ ಮೇಲೆ ಸಿಂಪಡಿಸುತ್ತೇವೆ. ಪತಂಗದ ಹುಳುಗಳ ನಡುಕರುಳಿನಲ್ಲಿ ಪಿಎಚ್ 9ರಿಂದ 11ರವರೆಗೆ, ಜೊತೆಗೆ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ತುಂಬಿರುತ್ತವೆ. ಅದನ್ನು ತಾಳಿಕೊಂಡರೂ ಮುಂದೆ ಆಹಾರವನ್ನು ಸುತ್ತಿದ ಪೊರೆ, ಅದರಾಚೆ ಕರುಳಿನ ಕೋಶಗಳು. 70 ಕಿಲೋಡಾಲ್ಟನ್ ಪ್ರೋಟೀನು ಇಡಿಯಾಗಿ ಅದನ್ನು ದಾಟಿ ರಕ್ತ ಸೇರುವುದು ಆಗದ ಮಾತು.

ಬೇರೆಬೇರೆ ತೋರಿಸಲು: ಐದನೇ ಹಂತದ ಹುಳುವಿನ ನಡುಕರುಳು ಬಿಡಿಸಿ ಒಳಗಿನ ರಸ ತೆಗೆದು ತಿರುಗಿಸಿ, ತಿಳಿಯನ್ನು ನಂಜಿನೊಂದಿಗೆ 27 ಡಿಗ್ರಿಯಲ್ಲಿಡಿ. 0, 15, 60, 240 ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ತಕ್ಷಣ ಎಸ್‌ಡಿಎಸ್ ಬಫರಿನಲ್ಲಿ ಕುದಿಸಿ ಜೆಲ್ ಓಡಿಸಿ (ಪ್ರೋಟೀನುಗಳು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡುತ್ತವೆ). ನಂಜಿನ ಪಟ್ಟಿ ಎಷ್ಟು ಹೊತ್ತಿಗೆ ಮಾಯವಾಯಿತು ಎಂಬುದೇ ಮೊದಲ ಪ್ರಶ್ನೆಗೆ ಉತ್ತರ. ಕರುಳಿನ ರಸವನ್ನು ಪಿಎಚ್ 7ರ ಬಫರಿನಲ್ಲಿ ದುರ್ಬಲಗೊಳಿಸಿದರೆ ಕಿಣ್ವ ಮಂಕಾಗಿ ನಂಜು ಗಟ್ಟಿ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಪಿಎಚ್ 10ರ ಬಫರನ್ನೇ ಬಳಸಿ. ಈ ಮಿಶ್ರಣವನ್ನು ಹುಳುವಿಗೆ ಚುಚ್ಚಿ ನೋಡುವ ಆಸೆ ಬೇಡ, ಕರುಳಿನ ರಸ ಒಂದೇ ಸಾಕು ಹುಳು ಸಾಯಲು. ಎರಡನೆಯ ಪ್ರಶ್ನೆಗೆ, ತಿನ್ನಿಸಿದ ಹುಳುವಿನ ಕಾಲು ಕತ್ತರಿಸಿ ರಕ್ತದ ಹನಿ ತೆಗೆದು, ನಂಜಿನ ವಿರುದ್ಧದ ಪ್ರತಿಕಾಯದಿಂದ ಬ್ಲಾಟ್ ಮಾಡಿ (ರಕ್ತದಲ್ಲಿ ಆ ಪ್ರೋಟೀನು ಇದೆಯೇ ಎಂದು ತೋರಿಸುವ ಪರೀಕ್ಷೆ). ಟ್ಯೂಬಿನಲ್ಲಿ ಮೊದಲೇ ಫೀನೈಲ್‌ಥಯೋಯೂರಿಯಾ ಹಾಕಿಡದಿದ್ದರೆ ರಕ್ತ ನಿಮಿಷಗಳಲ್ಲಿ ಕಪ್ಪಾಗುತ್ತದೆ.

ದಾಟಿಸಿದ ಉದಾಹರಣೆ ಇದೆ, ಆದರೆ ಕಣಜದ್ದಲ್ಲ, ಜೇಡದ್ದು. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಫನೆಲ್-ವೆಬ್ ಜೇಡದ ಪೆಪ್ಟೈಡನ್ನು ಯೀಸ್ಟಿನಲ್ಲಿ ತಯಾರಿಸಿ ವೆಸ್ಟಾರಾನ್ ಕಂಪನಿ ಸ್ಪಿಯರ್ ಹೆಸರಿನಲ್ಲಿ ಮಾರುತ್ತದೆ. ಅಮೆರಿಕದಲ್ಲಿ 2014ರಲ್ಲಿ ನೋಂದಣಿಯಾಯಿತು. ಪತಂಗದ ಹುಳುಗಳಿಗೆ ಅದನ್ನು ಸ್ವಲ್ಪ ಬಿಟಿ ಕರ್ಸ್ಟಾಕಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾ) ಜೊತೆಗೇ ಹೊಡೆಯಬೇಕು: ಬಿಟಿ ಕರುಳಿನ ಕೋಶದಲ್ಲಿ ತೂತು ಮಾಡುತ್ತದೆ, ಪೆಪ್ಟೈಡ್ ಅಲ್ಲಿಂದ ಒಳನುಗ್ಗುತ್ತದೆ. ಇನ್ನೊಂದು ದಾರಿ, ಅದೇ ಜೇಡದ ಪೆಪ್ಟೈಡಿಗೆ ಸ್ನೋಡ್ರಾಪ್ ಹೂಗಿಡದ ಲೆಕ್ಟಿನ್ (ಸಕ್ಕರೆ ಅಣುಗಳಿಗೆ ಅಂಟುವ ಪ್ರೋಟೀನು) ಜೋಡಿಸುವುದು. ಲೆಕ್ಟಿನ್ ಕರುಳಿನ ಗೋಡೆಗೆ ಅಂಟಿ ಪೆಪ್ಟೈಡನ್ನು ತನ್ನ ಜೊತೆ ಆಚೆಗೆ ಒಯ್ಯುತ್ತದೆ. ಬ್ರಿಟನ್ನಿನಲ್ಲಿ ಎಲೆಕೋಸಿನ ಪತಂಗದ ಹುಳುವಿನ ಮೇಲೆ ತಿನ್ನಿಸಿ ತೋರಿಸಿದ್ದಾರೆ.

ಬಿಟಿ ಜೊತೆ ನೀವೂ ನೋಡಬಹುದು. ಬಿಟಿ ಒಂದೇ ಹಾಕಿದರೆ 10-20% ಮಾತ್ರ ಸಾಯುವಂಥ ಪ್ರಮಾಣ ಮೊದಲು ಹುಡುಕಿ. ಬಿಟಿಯಿಂದ 15%, ನಂಜಿನಿಂದ 5% ಎಂದಿಟ್ಟುಕೊಳ್ಳಿ. ಎರಡೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಕೂಡಿ 19.25% ಬರಬೇಕು, 20 ಅಲ್ಲ. ಬಿಟಿಯಿಂದ ಉಳಿದ 85ರಲ್ಲಿ ಮಾತ್ರ 5% ಸಾಯುತ್ತವೆ. ಅದಕ್ಕಿಂತ ಬಹಳ ಮೇಲೆ ಹೋದರೆ ಒಳದಾರಿ ತೆರೆದಿದೆ ಎಂದರ್ಥ.

ಸಣ್ಣ ಪೆಪ್ಟೈಡಿಗೆ ಕೊಟೇಸಿಯಾ ಕುಲ ನೋಡಿ. ಕೊಟೇಸಿಯಾ ರುಬೆಕುಲಾದ ನಂಜಿನಲ್ಲಿ 1.5 ಮತ್ತು 4.6 ಕಿಲೋಡಾಲ್ಟನ್ ಪೆಪ್ಟೈಡುಗಳು ಸಿಕ್ಕಿವೆ. ಒಂದು ಎಚ್ಚರ: ಬ್ರೇಕಾನ್ ಮರಿ ಹೊರಗೆ ಕೂತು ಬಿದ್ದ ಹುಳುವನ್ನು ತಿನ್ನುತ್ತದೆ, ಕೊಟೇಸಿಯಾ ಮರಿ ಓಡಾಡುವ ಹುಳುವಿನೊಳಗೆ ಬೆಳೆಯುತ್ತದೆ. ಅದಕ್ಕೆ ಹುಳು ಬದುಕಿರಬೇಕು. ಅದರ ನಂಜು ಕೊಲ್ಲುವುದಕ್ಕಲ್ಲ, ಹುಳುವಿನ ರೋಗನಿರೋಧ ಮಣಿಸಿ ಬೆಳವಣಿಗೆ ತಡೆಯುವುದಕ್ಕೆ. 24 ಗಂಟೆಯ ಸಾವು ಎಣಿಸಿದರೆ ಸೊನ್ನೆ ಬರುತ್ತದೆ. ದಿನದಿನದ ತೂಕ, ತಿಂದ ಎಲೆಯ ಅಳತೆ, ಕೋಶಾವಸ್ಥೆಗೆ (ಪ್ಯೂಪ) ಹೋಗಲು ಹಿಡಿದ ದಿನ ಬರೆಯಿರಿ. ಕಣಜದ ಮೊಟ್ಟೆಯ ಹೊದಿಕೆಯಿಂದ ಹುಳುವಿನೊಳಗೆ ಬಿಡುಗಡೆಯಾಗುವ ಟೆರಟೋಸೈಟ್ ಕೋಶಗಳನ್ನೂ ಮರೆಯಬೇಡಿ. ಮೈಕ್ರೋಪ್ಲೈಟಿಸ್ ಕ್ರೋಸಿಪೆಸ್ ಕಣಜದ ಆ ಕೋಶಗಳ 14 ಕಿಲೋಡಾಲ್ಟನ್ ಪ್ರೋಟೀನನ್ನು ತಂಬಾಕು ಗಿಡದಲ್ಲಿ ಬರಿಸಿದಾಗ ಅದನ್ನು ತಿಂದ ಮಂಡೂಕಾ ಪತಂಗದ ಹುಳುಗಳ ಬೆಳವಣಿಗೆ ಕುಂಠಿತವಾಯಿತು. ತಿಂದರೂ ಕೆಲಸ ಮಾಡುವ ಕಣಜದ ಪ್ರೋಟೀನು ಎಂದರೆ ನನಗೆ ಮೊದಲು ನೆನಪಾಗುವುದು ಇದೇ, ನಿಮ್ಮ ಪ್ರಬಂಧಕ್ಕೆ ಇದೇ ಒಳ್ಳೆಯ ದಾರಿ ಎಂದು ನನ್ನ ಅನಿಸಿಕೆ.

ಕೊನೆಗೆ, ಪತಂಗದ ಹುಳುಗಳ ಮೇಲೆ ಕೆಲಸ ಮಾಡುವುದೆಲ್ಲ ರೇಷ್ಮೆ ಹುಳುವಿನ ಮೇಲೂ ಮಾಡಬಹುದು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಇರುವ ರಾಜ್ಯದಲ್ಲಿ ಆ ಪರೀಕ್ಷೆ ಮಾಡದೆ "ಸುರಕ್ಷಿತ" ಎಂಬ ಪದ ಬರೆಯಬೇಡಿ. ತುಡುವೆ ಜೇನನ್ನೂ ಸೇರಿಸಿ.

ಉತ್ತರ 4: ಕಲ್ಪವೃಕ್ಷ

ರೈತರಿಗೆ ಏನು ಹೇಳುವುದು ಎಂದು ಕೇಳಿದ್ದೀರಿ. "ಕಣಜದ ವಿಷದ ಔಷಧಿ" ಎಂದು ಯಾರಾದರೂ ಬಾಟಲಿ ತಂದರೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರದ ನೋಂದಣಿ ಸಂಖ್ಯೆ ಲೇಬಲ್ಲಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಕೊಳ್ಳಬೇಡಿ ಎಂದು ಹೇಳಿ. ನಂಜನ್ನು ರಕ್ತಕ್ಕೇ ಮುಟ್ಟಿಸುವ ಸಾಧನ ಜೀವಂತ ಕಣಜದ ಹತ್ತಿರ ಈಗಲೇ ಇದೆ.

ತೆಂಗಿನ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ನೆಫಾಂಟಿಡಿಸ್ ಕಣಜ ಬಿಡುವುದು ಇದೇ ತತ್ವ. ಗರಿಯ ಅಡಿಯ ಲದ್ದಿಯ ಸುರಂಗದೊಳಗೆ ಹೊಕ್ಕು ಹುಳುವನ್ನು ಚುಚ್ಚಿ ಮಲಗಿಸುತ್ತದೆ, ಅದರ ಮೈಮೇಲೆ ಮೊಟ್ಟೆಯಿಟ್ಟು ತಾಯಿ ಅಲ್ಲೇ ಕಾವಲು ಕೂರುತ್ತದೆ. ಮರಕ್ಕೆ 15-20 ಕಣಜ, 15 ದಿನಕ್ಕೊಮ್ಮೆ, ನಾಲ್ಕು ಸಲ. ತೋಟಗಾರಿಕೆ ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳಲ್ಲಿ ಕೇಳಬೇಕು.

ಬಿಟ್ಟರೂ ಉಪಯೋಗವಾಗಲಿಲ್ಲ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇವೇ. ತೋಟದಲ್ಲಿ ಮೂರನೇ ಹಂತ ದಾಟಿದ ಹುಳು ಇಲ್ಲದಾಗ ಬಿಟ್ಟಿರುತ್ತಾರೆ. ಕೆಳಗಿನ ಗರಿ ಕಡಿದು ಸುರಂಗ ಬಿಡಿಸಿ ನೋಡಿ, ಬರೀ ಪ್ಯೂಪ, ಪತಂಗ ಸಿಕ್ಕರೆ ಮುಂದಿನ ಪೀಳಿಗೆಗೆ ಕಾಯಿರಿ. ಹದಿನೈದು ಇಪ್ಪತ್ತು ದಿನದೊಳಗೆ ಔಷಧಿ ಹೊಡೆದ ತೋಟದಲ್ಲಿ ಬಿಟ್ಟರೆ ಕಣಜವೇ ಮೊದಲು ಸಾಯುತ್ತದೆ. ಮಟಮಟ ಮಧ್ಯಾಹ್ನ ಬೇಡ, ಸಂಜೆ ತಂಪಿನಲ್ಲಿ ಬಿಡಿ. ಸುಳಿಯ ಹತ್ತಿರ ಬಿಟ್ಟರೆ ಅಲ್ಲಿರುವ ಜೇಡ, ರೆಡುವಿಡ್ ತಿಗಣೆಗಳ ಬಾಯಿಗೆ ಬೀಳುತ್ತವೆ, ಹಾಗಾಗಿ ಕಾಂಡದ ಮೇಲೆ ಬಿಡಬೇಕು. ಬಿಡುವ ಮೊದಲು ಕೊಳವೆಯಲ್ಲಿ ಜೇನಿನ ಸಣ್ಣ ಹನಿ ಇಟ್ಟು, ಕಪ್ಪುತಲೆ ಹುಳುವಿನ ಲದ್ದಿಯ ಚೂರನ್ನೂ ಹಾಕಿಡಿ. ಆ ವಾಸನೆ ಹಿಡಿದ ಕಣಜ ಹುಳುವನ್ನು ಬೇಗ ಹುಡುಕುತ್ತದೆ.

ಹರಳೆಲೆ

30 ಕಿಲೋಡಾಲ್ಟನ್ ಫಿಲ್ಟರಿಗೆ ಆರ್ಡರ್ ಹಾಕಿದೆ. ಮೇಣದ ಹುಳು, ಕಾಯಿಸಿದ ನಂಜು, ಬಿಎಸ್ಎ ಮೂರನ್ನೂ ಸೇರಿಸಿ ಮೊದಲಿಂದ ಶುರುಮಾಡುತ್ತೇನೆ. ಟೆರಟೋಸೈಟ್ ಬಗ್ಗೆ ಮಾರ್ಗದರ್ಶಕರ ಹತ್ತಿರ ಮಾತಾಡಿ, ಕೊಟೇಸಿಯಾ ತಳಿ ಸಿಕ್ಕಮೇಲೆ ಕೋಶ ಬೇರ್ಪಡಿಸುವ ಕ್ರಮವನ್ನು ಇಲ್ಲೇ ಕೇಳುತ್ತೇನೆ.